ಹಳೆಯ ದರದ ಚೀಟಿ

ಬೆಲೆಯ ಚೀಟಿ ಕಂಡರೆ ನನ್ನ ಹೆಬ್ಬೆರಳಿನ ಉಗುರಿಗೆ ಸಮಾಧಾನವಿರುವುದಿಲ್ಲ. ಸ್ಟೀಲಿನ ಡಬ್ಬಿಯಾಗಲಿ, ಚಪ್ಪಲಿಯ ತಳವಾಗಲಿ, ಪುಸ್ತಕದ ಬೆನ್ನಾಗಲಿ, ಚೀಟಿಯ ಒಂದು ಮೂಲೆ ತುಸು ಎದ್ದಿದ್ದರೆ ಸಾಕು, ನನಗೆ ಗೊತ್ತಾಗುವ ಮೊದಲೇ ಉಗುರು ಅದರ ಕೆಳಗೆ ಹೋಗಿರುತ್ತದೆ. ಒಳ್ಳೆಯ ಅಭ್ಯಾಸವಲ್ಲ. ರಾಯಬಾಗದ ಒಂದು ಮದುವೆಯಲ್ಲಿ, ಉಡುಗೊರೆಯಾಗಿ ಬಂದ ಗೋಡೆ ಗಡಿಯಾರವನ್ನು ಒಳಗಿನ ಕೋಣೆಯಲ್ಲಿಡು ಎಂದು ಯಾರೋ ನನ್ನ ಕೈಗೆ ಕೊಟ್ಟರು. ಹತ್ತು ಹೆಜ್ಜೆಯ ದಾರಿ. ಬಾಗಿಲು ಮುಟ್ಟುವಷ್ಟರಲ್ಲಿ ಚೀಟಿ ನನ್ನ ಬೆರಳಿಗೆ ಅಂಟಿತ್ತು. ಗಡಿಯಾರ ಕೊಟ್ಟವರು ನನ್ನ ಹಿಂದೆಯೇ ನಿಂತಿದ್ದರು. "ನೋಡವಾ, ಪೂರಾ ನೋಡು. ಕಡಿಮಿ ಆದ್ರ ಹೇಳು, ಇನ್ನೊಂದ್ ತರ್ತೇನಿ" ಎಂದರು. ವಿವರಣೆ ಕೊಡುವುದು ನನ್ನ ಸ್ವಭಾವದಲ್ಲಿಲ್ಲ. ಅಂದಿನಿಂದ ಆ ಮನೆತನದಲ್ಲಿ ನನ್ನ ಹೆಸರು 'ರೇಟ್ ನೋಡೂ ಹುಡುಗಿ'.

ನಿಜವಾಗಿ ನನಗೆ ಬೇಕಾದದ್ದು ಬೆಲೆಯಲ್ಲ, ಚೀಟಿಯ ಕೆಳಗಿನ ಚೀಟಿ. ಅಂಗಡಿಯಲ್ಲಿ ಬಹಳ ದಿನ ಕುಳಿತ ಸಾಮಾನಿನ ಮೇಲೆ ಒಂದರ ಮೇಲೊಂದು ಎರಡು ಮೂರು ಚೀಟಿಗಳಿರುತ್ತವೆ. ಬಾವಿ ತೋಡುವವರು ಮಣ್ಣಿನ ಪದರ ನೋಡಿ ಇಲ್ಲಿ ಹಿಂದೆ ಹೊಳೆಯಿತ್ತು ಎಂದು ಹೇಳುವ ಹಾಗೆ ಆ ಚೀಟಿಗಳನ್ನು ಓದಬಹುದು. ಓದಿದವರಿಗೆ ಒಂದು ನಿಯಮ ಸಿಗುತ್ತದೆ: ಕೆಳಗಿನ ಬೆಲೆ ಮೇಲಿನದಕ್ಕಿಂತ ಯಾವಾಗಲೂ ಕಡಿಮೆ. ನನ್ನ ಜೀವನದಲ್ಲಿ ಈ ನಿಯಮ ಒಂದೇ ಒಂದು ಸಲ ತಪ್ಪಿದೆ.

ಕಳೆದ ವಾರ ಅವ್ವ ಈ ಬೇಸಿಗೆಯ ಸಂಡಿಗೆ ತುಂಬಿಡಲು ಅಟ್ಟದ ಮೇಲಿನ ದೊಡ್ಡ ರಟ್ಟಿನ ಪೆಟ್ಟಿಗೆ ಇಳಿಸಿಕೊಡು ಎಂದಳು. ಅದು ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರದ ಪೆಟ್ಟಿಗೆ, ಅಂದರೆ ಗೇಮ್ ಕನ್ಸೋಲಿನದು. ಅದರ ಬದಿಗೆ ಅಂಟಿಸಿದ, ಕೈಯಲ್ಲಿ ಬರೆದ ಒಂದು ಬೆಲೆಯ ಚೀಟಿ, ಅದರ ಒಂದು ಮೂಲೆ ಸೆಕೆಗೆ ಎದ್ದಿತ್ತು. ಉಗುರು ಹೋಯಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಚೀಟಿಯ ಮೇಲಿದ್ದದ್ದು ಬಾಳು ಕಾಕಾನ ಅಕ್ಷರ.

ಬಾಳು ಕಾಕಾ ನನ್ನ ಅಪ್ಪನ ತಮ್ಮ. ಚಿಕ್ಕೋಡಿಯಲ್ಲಿ ಬಸ್ ನಿಲ್ದಾಣದಿಂದ ಕೋರ್ಟಿನ ಕಡೆಗೆ ಹೋಗುವ ರಸ್ತೆಯಲ್ಲಿ ಅವನ ಅಂಗಡಿಯಿತ್ತು. ನಾನು ಹುಟ್ಟುವ ಮೊದಲು ಅಲ್ಲಿ ರೇಡಿಯೊ ರಿಪೇರಿ, ನಾನು ಶಾಲೆಗೆ ಹೋಗುವಾಗ ಕ್ಯಾಲ್ಕ್ಯುಲೇಟರ್, ಟಾರ್ಚು, ಅಗ್ಗದ ವಿಡಿಯೋ ಗೇಮು, ಆಮೇಲೆ ಮೊಬೈಲು. ಬೇಸಿಗೆ ರಜೆಯಲ್ಲಿ ಹಳೆಯ ಸಾಮಾನಿನ ಚೀಟಿ ತೆಗೆಯುವುದು ನನ್ನ ಕೆಲಸ. ಅರಳೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಉಜ್ಜಿದರೆ ಗೋಂದು ಬಿಡುತ್ತದೆ. ಕೊಬ್ಬರಿ ಎಣ್ಣೆಯ ವಾಸನೆಗೆ ಎಲ್ಲರಿಗೂ ತಾಯಿಯ ಕೈ ನೆನಪಾದರೆ ನನಗೆ ಈಗಲೂ ಬೆಲೆ ಏರಿಕೆ ನೆನಪಾಗುತ್ತದೆ.

ಆ ಕಾಲದ ವಿಡಿಯೋ ಗೇಮಿಗೆ ಕ್ಯಾಸೆಟ್ಟು ಸಿಕ್ಕಿಸಿ ಆಡಬೇಕು. ಒಂದು ಹಳದಿ ಕ್ಯಾಸೆಟ್ಟಿನ ಮೇಲೆ ಒಳಗೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಬರೆದಿತ್ತು. ನಾನು ನಾಲ್ಕು ದಿನ ಕುಳಿತು, ಎರಡು ಹಾಳೆಯ ತುಂಬ ಗೆರೆ ಹೊಡೆದು ಲೆಕ್ಕ ಮಾಡಿದೆ. ಅದರಲ್ಲಿದ್ದದ್ದು ಆರು. ಅದೇ ಆರು ಬಣ್ಣ ಬದಲಿಸಿಕೊಂಡು, ಹೆಸರು ಬದಲಿಸಿಕೊಂಡು ತಿರುಗಿ ತಿರುಗಿ ಬರುತ್ತಿದ್ದವು. ಕಾಕಾನಿಗೆ ಹಾಳೆ ತೋರಿಸಿದೆ. ಅವನು ನಗಲಿಲ್ಲ. ಮರುದಿನ ಗಿರಾಕಿಯೊಬ್ಬರು ಬಂದಾಗ ಕ್ಯಾಸೆಟ್ಟು ಕೈಗೆ ಕೊಟ್ಟು, "ಇದರಾಗ ಆರ ಅದಾವ್ರಿ. ಉಳದಿದ್ದು ಎಲ್ಲಾ ಸುಳ್ಳ. ನಮ್ಮ ಹುಡುಗಿ ಎಣಿಸ್ಯಾಳ" ಎಂದ. ಗಿರಾಕಿ ಕ್ಯಾಸೆಟ್ಟು ಕೊಳ್ಳದೆ ಹೋದರು. ಕಾಕಾನಿಗೆ ಅದರ ಬೇಸರವಿರಲಿಲ್ಲ. ನಾನು ಎಣಿಸಿದ್ದು ಸರಿ ಎಂಬ ನಂಬಿಕೆ ಅಂದು ಅವನಲ್ಲಿ ಕುಳಿತದ್ದು ಆಮೇಲೆ ಏಳಲೇ ಇಲ್ಲ. ಎದ್ದಿದ್ದರೆ ಚೆನ್ನಾಗಿತ್ತು.

ಅಂಗಡಿಯ ಮೂಲೆಯಲ್ಲಿ ತೋರಿಸಲೆಂದು ಒಂದು ಟಿವಿ ಇತ್ತು. ಅದರ ಮುಂದಿನ ಸ್ಟೂಲು ದಿನವಿಡೀ ಹುಡುಗರದು. ನಾನು ಎಣ್ಣೆಯ ಅರಳೆ ಹಿಡಿದು ಹಿಂದೆ ನಿಂತು ನೋಡುತ್ತಿದ್ದೆ. ನನಗೂ ಕೊಡಿ ಎಂದು ಒಂದು ದಿನವೂ ಕೇಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಹೋದ ಮೇಲೆ ಕಾಕಾ ಷಟರನ್ನು ಅರ್ಧ ಇಳಿಸಿ, ರಿಮೋಟು ನನ್ನ ಕೈಗಿಟ್ಟು, ತಾನು ಬುತ್ತಿ ಬಿಚ್ಚುತ್ತಿದ್ದ. ಅವನು ಎರಡು ರೊಟ್ಟಿ ತಿಂದು ಮುಗಿಸುವವರೆಗೆ ಆ ಲೋಕ ನನ್ನದು. ಒಮ್ಮೊಮ್ಮೆ ಅವನು ಮೂರನೆಯ ರೊಟ್ಟಿ ತಿನ್ನುತ್ತಿದ್ದ. ಹಸಿವೆಗಲ್ಲವೆಂದು ನನಗೆ ಗೊತ್ತಿತ್ತು.

ಆಮೇಲೆ ನಾನು ಧಾರವಾಡಕ್ಕೆ ಹೋಗಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಚೀಟಿ ಕೆರೆಯುವವಳು ಬೇರೆ ಯಾವ ವಿಷಯ ತಾನೇ ಆರಿಸಿಕೊಳ್ಳುತ್ತಾಳೆ! ರೂಪಾಯಿಯ ಬೆಲೆ ಕುಸಿದರೆ ಹೊರದೇಶದ ಸಾಮಾನಿನ ಬೆಲೆ ನಮ್ಮ ಅಂಗಡಿಗಳಲ್ಲಿ ಎಷ್ಟು ದಿನಕ್ಕೆ ಏರುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ನೂರು ಪುಟದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ರೂಪಾಯಿ ದಿನಾ ಒಂದೊಂದು ಪೈಸೆ ಜಾರುತ್ತದೆ, ಬೆಲೆ ಮಾತ್ರ ತಿಂಗಳುಗಟ್ಟಲೆ ಒಂದೇ ಮೆಟ್ಟಿಲ ಮೇಲೆ ನಿಂತು, ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮೇಲಿನ ಮೆಟ್ಟಿಲಿಗೆ ಹಾರುತ್ತದೆ. ಯಾವ ಬೆಳಗ್ಗೆ ಎಂಬುದು ಮಾತ್ರ ಮೊದಲೇ ತಿಳಿಯುವುದಿಲ್ಲ. ಪ್ರಬಂಧದ ಕೊನೆಯ ವಾಕ್ಯ, 'ಈ ಕುರಿತು ಹೆಚ್ಚಿನ ಅಧ್ಯಯನದ ಅಗತ್ಯವಿದೆ.' ಒಳ್ಳೆಯ ಅಂಕ ಬಂತು.

ಈಗ ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದಿನಾ ಚಿಕ್ಕೋಡಿಯಿಂದ ಬಸ್ಸು. ಸಂಜೆ ಬಂದಿಳಿದು ಹತ್ತು ನಿಮಿಷ ಕಾಕಾನ ಅಂಗಡಿಯಲ್ಲಿ ಕುಳಿತು ಮನೆಗೆ ಹೋಗುವುದು ರೂಢಿ. ನಿಪ್ಪಾಣಿ ಕಡೆಯಿಂದ ಬಂದವರನ್ನು ಜನ ತಂಬಾಕಿನ ದರ ಕೇಳುತ್ತಾರೆ, ಕಾಕಾ ನನ್ನನ್ನು ಕೇಳುತ್ತಿದ್ದದ್ದು, "ಏನ್ ತಾಯಿ, ಇವತ್ತ ಡಾಲರ್ ಏನ್ ಅಂತೈತಿ?"

ಏಕೆಂದರೆ ಅಷ್ಟರಲ್ಲಿ ಅವನು ದೊಡ್ಡ ಕನ್ಸೋಲುಗಳನ್ನು ಮಾರಲು ಹಿಡಿದಿದ್ದ. ಐವತ್ತು ಸಾವಿರದ ಆಸುಪಾಸಿನ ಯಂತ್ರ ಚಿಕ್ಕೋಡಿಯಲ್ಲಿ ಯಾರು ಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಬೋರಗಾಂವದ ಮಗ್ಗದವರು ಕೊಂಡರು, ಅಥಣಿಯ ಡಾಕ್ಟರರು ಕೊಂಡರು, ಕಾಗವಾಡದಿಂದ ಹೈಸ್ಕೂಲ್ ಮಾಸ್ತರರೊಬ್ಬರು ಬಂದು, ಮಗಳಿಗೆ ಎಂದು ಹೇಳಿ, ತಾವೇ ಒಂದು ತಾಸು ಆಡಿ ನೋಡಿ ಕೊಂಡರು. ಎಲ್ಲರ ಕೈಯಲ್ಲೂ ಮೊಬೈಲು. ಇದೇ ಯಂತ್ರ ಯಾವ ದೇಶದಲ್ಲಿ ಎಷ್ಟು ಎಂಬುದು ಎಲ್ಲರಿಗೂ ಗೊತ್ತು. "ದುಬೈದಾಗ ಇದಕ್ಕಿಂತ ಎಷ್ಟೋ ಕಡಿಮಿ ಐತ್ರಿ" ಎಂದು ಅಥಣಿಯ ಡಾಕ್ಟರರ ಮಗ ಹೇಳಿದಾಗ ಕಾಕಾ, "ಹಂಗಾರ ದುಬೈದಿಂದನ ಒಂದ್ ಕಪ್ ಚಾನೂ ತರಸ್ರಿ ಸಾಹೇಬ್ರ, ಅದರ ರೇಟೂ ನೋಡೂಣು" ಎಂದು ತನ್ನ ಚಹಾ ಮುಂದಿಟ್ಟ.

ನಾನು ಪಾಠ ಮಾಡಿದ್ದಕ್ಕಿಂತ ಚೆನ್ನಾಗಿ ಆ ವ್ಯಾಪಾರ ಅವನಿಗೆ ತಿಳಿದಿತ್ತು. "ಮಾಡೂ ಕಂಪನಿ ಒಂದ್ ದೇಶದ್ದು, ಜೋಡಸೂದು ಇನ್ನೊಂದ್ ದೇಶದಾಗ, ರೊಕ್ಕಾ ಎಣಸೂದು ಡಾಲರ್‌ದಾಗ, ಬೈಸ್ಕೊಳ್ಳೂದು ಚಿಕ್ಕೋಡ್ಯಾಗ ನಾ" ಎನ್ನುತ್ತಿದ್ದ. ಯಂತ್ರದಲ್ಲಿ ಕಂಪನಿಗೇ ಹೆಚ್ಚು ಲಾಭವಿಲ್ಲ. ಅವರ ಲಾಭ ಆಟಗಳಲ್ಲಿ. ಆಟಗಳನ್ನು ಈಗ ಜನ ಮನೆಯಲ್ಲೇ ಕುಳಿತು ನೆಟ್ಟಿನಿಂದ ಇಳಿಸಿಕೊಳ್ಳುತ್ತಾರೆ, ನಡುವೆ ಅಂಗಡಿಯಿಲ್ಲ. ಆದ್ದರಿಂದ ರೂಪಾಯಿ ಕುಸಿದರೆ ಆ ಪೆಟ್ಟನ್ನು ಕಂಪನಿ ಬಹಳ ದಿನ ತನ್ನ ಮೈಮೇಲೆ ಇಟ್ಟುಕೊಳ್ಳುವುದಿಲ್ಲ, ಕೆಳಗೆ ದಾಟಿಸುತ್ತದೆ. ಕಾಕಾನ ಪಾಲು ಒಂದು ಯಂತ್ರಕ್ಕೆ, ಅವನದೇ ಮಾತಿನಲ್ಲಿ, "ಮನಿಮಂದಿಗೆಲ್ಲಾ ಒಂದೊಂದ್ ಪ್ಲೇಟ್ ಭಡಂಗ್ ಚುರಮರಿ." ಹಾಗಾದರೆ ಏಕೆ ಮಾರುತ್ತೀ ಎಂದು ನಾನು ಕೇಳಿದ್ದೆ. "ಆ ಪೆಟಗಿ ಕಾಜಿನ ಕಪಾಟಿನಾಗ ಇಟ್ರ ಅಂಗಡಿಗೊಂದ್ ಕಳಾ ಬರ್ತೈತಿ" ಎಂದಿದ್ದ.

ಕಳೆದ ದೀಪಾವಳಿಗೆ ತಿಂಗಳಿರುವಾಗ ಕಟ್ಟಡದ ಮಾಲೀಕರ ಮಗ ಬಂದು ಹೇಳಿ ಹೋದ: ಯುಗಾದಿಯಿಂದ ಹೊಸ ಕರಾರು, ದೊಡ್ಡ ಡಿಪಾಜಿಟ್ಟು, ಆಗದಿದ್ದರೆ ಬಟ್ಟೆ ಅಂಗಡಿಯವರು ತಯಾರಿದ್ದಾರೆ. ಕಾಕಾನ ಬಳಿ ಡಿಪಾಜಿಟ್ಟಿನ ಮುಕ್ಕಾಲು ಪಾಲು ಇತ್ತು. ದೀಪಾವಳಿಯ ವ್ಯಾಪಾರ ಚೆನ್ನಾದರೆ ಉಳಿದದ್ದು ಕೂಡಿ ಅಂಗಡಿ ಉಳಿಯುತ್ತದೆ. ಮೂವತ್ತು ವರ್ಷದ ಅಂಗಡಿ. ಅವನು ಒಂದು ದಾರಿ ಹುಡುಕಿದ. ಆ ದಾರಿ ನಿಪ್ಪಾಣಿಯ ತಂಬಾಕಿನ ಗೋದಾಮಿನಿಂದ ಬಂದದ್ದು.

ನಮ್ಮ ಅಜ್ಜ ಆ ಗೋದಾಮಿನಲ್ಲಿ ತಂಬಾಕು ತೂಗುತ್ತಿದ್ದವರು. ಅಲ್ಲಿ 'ಇಸಾರಾ' ಎಂದು ಒಂದು ಪದ್ಧತಿ. ಕೊಳ್ಳುವವನು ದರ ಮಾತಾಡಿ ಒಂದಿಷ್ಟು ಮುಂಗಡ ಮಾರುವವನ ಕೈಗಿಡುತ್ತಾನೆ. ಅದು ಕೈಗೆ ಬಂದ ಮೇಲೆ ದರದ ಮಾತು ಮುಗಿಯಿತು. ನಾಳೆ ಪೇಟೆ ಏರಲಿ, ಬೀಳಲಿ, ಯಾರೂ ಬಾಯಿ ಬಿಡುವಂತಿಲ್ಲ. ಕಾಗದವಿಲ್ಲ, ಸಹಿಯಿಲ್ಲ. "ಇಸಾರಾ ಹಿಡದ ಮ್ಯಾಲ ತಿರಗಿ ಮಾತಾಡವನ ಮನಿಯಾಗ ನೀರ್ ಸೈತ ಕುಡೀಬಾರ್ದು" ಎನ್ನುತ್ತಿದ್ದರು ಅಜ್ಜ. ಕಾಕಾ ಕನ್ಸೋಲಿಗೂ ಇಸಾರಾ ಹಿಡಿಯಲು ನಿಶ್ಚಯಿಸಿದ. ಈಗ ಐನೂರು ರೂಪಾಯಿ ಕೊಟ್ಟು ಇಂದಿನ ದರಕ್ಕೆ ಹೆಸರು ಬರೆಸಿ, ದೀಪಾವಳಿಗೆ ಪೆಟ್ಟಿಗೆ ಒಯ್ಯಿರಿ. ವಿತರಕರಿಂದ ಮಾಲು ಬರುವುದೇ ಹಬ್ಬದ ಹೊತ್ತಿಗೆ. ಊರ ಜನಕ್ಕೆ ಪರಿಚಿತ ರೀತಿ, ಕೊಲ್ಹಾಪುರದ ದೊಡ್ಡ ಅಂಗಡಿಗಳಿಗೆ ಹೋಗುವವರು ಇಲ್ಲೇ ನಿಲ್ಲುತ್ತಾರೆ. ಆದರೆ ತಂಬಾಕಿನ ಎಲೆ ಕೊಳ್ಳುವವನ ಕಣ್ಣಿಗೂ ಮಾರುವವನ ಕಣ್ಣಿಗೂ ಒಂದೇ ಹೊಲದಲ್ಲಿ ಕಾಣುತ್ತದೆ. ಕನ್ಸೋಲೆಂಬ ಈ ಎಲೆ ಯಾವ ಹೊಲದಲ್ಲಿ ಬೆಳೆಯುತ್ತದೆಂದು ಚಿಕ್ಕೋಡಿಯಿಂದ ಕಾಣುವುದಿಲ್ಲ.

ಶುರು ಮಾಡುವ ಮೊದಲು ಅವನು ನನ್ನನ್ನು ಕೇಳಿದ. ಸಂಜೆ, ಅಂಗಡಿಯಲ್ಲಿ ಅವನ ಹೆಂಡತಿ, ನನ್ನ ಕಾಕು, ಇದ್ದಳು, ಇಬ್ಬರು ಗಿರಾಕಿಗಳಿದ್ದರು.

"ತಾಯಿ, ಒಂದ್ ಮಾತ ಹೇಳು. ದೀಪಾವಳಿತನಾ ಇದ ರೇಟ್ ನಿಲ್ತೈತೋ, ಏರ್ತೈತೋ?"

ಅಂದು ಬೆಳಗ್ಗೆಯಷ್ಟೇ ನಾನು ಹಲಗೆಯ ಮೇಲೆ ರೂಪಾಯಿಯ ಗೆರೆ ಎಳೆದು ಬಂದಿದ್ದೆ. ಅದು ವಾರಗಳಿಂದ ಜಾರುತ್ತಿತ್ತು. ಬೆಲೆ ಅದೇ ಮೆಟ್ಟಿಲ ಮೇಲೆ ಬಹಳ ದಿನ ನಿಂತಿತ್ತು. ಏರುತ್ತದೆ ಎಂದು ನನಗೆ ಅನಿಸಿತ್ತು. ಅನಿಸಿದ್ದನ್ನು ಹೇಳುವುದು ಬೇರೆ, ಗೊತ್ತಿದ್ದದ್ದನ್ನು ಹೇಳುವುದು ಬೇರೆ ಎಂದು ನನಗೆ ಎರಡು ವರ್ಷ ಕಲಿಸಿದ್ದರು. ಗಿರಾಕಿಗಳು ಬೇರೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಖಚಿತ ಹೇಳಾಕ ಬರೂದಿಲ್ಲ ಕಾಕಾ. ಏರಬಹುದು, ನಿಲ್ಲಲೂಬಹುದು" ಎಂದೆ.

ಕಾಕು ತಲೆಗೆ ಕೈ ಹಚ್ಚಿದಳು. "ಇಷ್ಟ ಹೇಳಾಕ ಎರಡ್ ವರ್ಷ ಧಾರವಾಡದಾಗ ಓದಿದೇನ? ಇಷ್ಟ್ ನಮ್ಮ ಎಮ್ಮಿನೂ ಹೇಳ್ತಿತ್ತ."

ಗಿರಾಕಿಗಳು ನಕ್ಕರು, ನಾನೂ ನಕ್ಕೆ. ಕಾಕಾ ಮಾತ್ರ ನಗಲಿಲ್ಲ. "ಸುಮ್ಮಿರ. ಅಕಿ ಎಣಿಸದ ಮಾತಾಡಾಕಿ ಅಲ್ಲ. ಏರೂದಿದ್ರ ಅಕಿ ಹೇಳ್ತಿದ್ಲು" ಎಂದ.

ಆ ಮಾತು ನನ್ನ ಕಿವಿಗೆ ಬಿತ್ತು. ಹಾಗಲ್ಲ ಕಾಕಾ ಎನ್ನಲು ಎರಡು ಕ್ಷಣ ಸಮಯವಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ.

ಹತ್ತು ದಿನದಲ್ಲಿ ಹದಿನಾರು ಇಸಾರಾ ಬಂದವು. ದಿನಾ ಸಂಜೆ ಕಾಕಾ ಎಷ್ಟಾಯಿತೆಂದು ನನಗೆ ಹೇಳುತ್ತಿದ್ದ. ದಿನಾ ಬಸ್ಸಿನಲ್ಲಿ ನಾನು ರೂಪಾಯಿ ಎಷ್ಟು ಜಾರಿತೆಂದು ಮೊಬೈಲಿನಲ್ಲಿ ನೋಡುತ್ತಿದ್ದೆ. ಹತ್ತನೆಯ ದಿನ ಸಂಜೆ ನಾನು ಚೀಲದಿಂದ ಐನೂರರ ನೋಟು ತೆಗೆದು ಅವನ ಮುಂದೆ ಹಿಡಿದೆ.

"ನಿನಗ್ಯಾತರ ಇಸಾರಾ ತಾಯಿ?"

"ಎಲ್ಲಾರಂಗ ನಂದೂ ಒಂದ್ ಬರಕೋ ಕಾಕಾ."

ಅವನು ನೋಟು ನೋಡಿದ, ನನ್ನನ್ನು ನೋಡಿದ, ಬರೆದುಕೊಂಡ. ಅರ್ಧ ಷಟರಿನ ಆ ಮಧ್ಯಾಹ್ನಗಳ ಆಸೆ ಅದು, ಮೂರು ವರ್ಷದ ಉಳಿತಾಯ ಅದಕ್ಕೆಂದೇ ಇಟ್ಟದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ನೋಟು ತೆಗೆಯುವಾಗ ನನ್ನ ತಲೆಯಲ್ಲಿದ್ದ ಮಾತು 'ಏರುವ ಮೊದಲು' ಎಂಬುದು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಮುಂದಿನ ವಾರವೇ ಕೊಲ್ಹಾಪುರದ ವಿತರಕರಿಂದ ಸಂದೇಶ ಬಂತು. ರೂಪಾಯಿ ಕುಸಿದ ಕಾರಣ ಹೊಸ ದರ, ಒಂದೊಂದು ಪೆಟ್ಟಿಗೆಗೆ ಐದು ಸಾವಿರ ಹೆಚ್ಚು. ಬರುವ ಮಾಲು ಹೊಸ ಚೀಟಿ ಹಚ್ಚಿಕೊಂಡೇ ಬರುತ್ತದೆ. ಕಾಕಾ ಅದನ್ನು ನಿಂತುಕೊಂಡು ಓದಿ, ಕುಳಿತುಕೊಂಡು ಇನ್ನೊಮ್ಮೆ ಓದಿದ.

"ಎಲ್ಲಾರಿಗೂ ಫೋನ್ ಹಚ್ರಿ" ಎಂದಳು ಕಾಕು. "ಹೆಚ್ಚಿಂದ್ ಕೊಡ್ತೀರಿ ಅಂದ್ರ ಪೆಟಗಿ ಒಯ್ರಿ, ಇಲ್ಲಂದ್ರ ಇಸಾರಾ ತಿರಗಿ ಒಯ್ರಿ ಅನ್ರಿ. ಯಾರೇನ್ ಗಲ್ಲಿಗೆ ಹಾಕ್ತಾರ?"

"ಅಪ್ಪಾ ಇದ್ದಿದ್ರ ಏನಂತಿದ್ದ?"

"ನಿಮ್ಮಪ್ಪ ತಂಬಾಕ ತೂಗ್ತಿದ್ರು. ತಂಬಾಕ ಏನ್ ಜಪಾನದಾಗ ಬೆಳೀತಿತ್ತೇನ್ರಿ?"

ಕಾಕಾ ಯಾರಿಗೂ ಫೋನ್ ಹಚ್ಚಲಿಲ್ಲ. ಆ ಭಾನುವಾರ ಕಾಕು ಯಡೂರಿಗೆ ಹೋಗಿ ವೀರಭದ್ರನಿಗೆ ಕಾಯಿ ಒಡೆಸಿ ಬಂದಳು. ಬಂದವಳು ನನ್ನನ್ನು, "ಅಲ್ಲವಾ, ಡಾಲರಿಂದು ದೇವರಿಗೆ ಹೆಂಗ್ ತಿಳಿಸಿ ಹೇಳೂದು?" ಎಂದು ಕೇಳಿದಳು. ಹಾಸ್ಯಕ್ಕೆ ಕೇಳಿದ್ದಲ್ಲ.

ಹದಿನೇಳು ಪೆಟ್ಟಿಗೆ ಬಂದವು, ಹದಿನೇಳೂ ಹಳೆಯ ದರಕ್ಕೆ ಹೋದವು. ಡಿಪಾಜಿಟ್ಟಿಗೆಂದು ಇಟ್ಟದ್ದು ಅವುಗಳ ಜೊತೆ ಹೋಯಿತು. ನಾನು ನನ್ನದನ್ನು ತರಲು ಹೋದಾಗ ಹೆಚ್ಚಿನ ಐದು ಸಾವಿರ ಒಂದು ಲಕೋಟೆಯಲ್ಲಿಟ್ಟು ಒಯ್ದಿದ್ದೆ. ಕಾಕಾ ಅದನ್ನು ಮುಟ್ಟಲಿಲ್ಲ. "ಇಸಾರಾ ಅಂದ್ರ ಇಸಾರಾ. ನಿನಗೊಂದ್ ಜಗತ್ತಿಗೊಂದ್ ಮಾಡಾಕ ಬರೂದಿಲ್ಲ" ಎಂದ. ನಾನು ಒಂದೇ ಸಲ ಒತ್ತಾಯಿಸಿದೆ. ಲಕೋಟೆ ಚೀಲದೊಳಗೆ ಹೋಯಿತು.

ಎರಡು ದಿನದ ಮೇಲೆ ಬೋರಗಾಂವದ ಮಗ್ಗದವರ ಮಗ ಪೇಢೆಯ ಪೊಟ್ಟಣ ಹಿಡಿದು ಅಂಗಡಿಗೆ ಬಂದ. "ಅಹೋ ಕಾಕಾ, ಭಾರಿ ಆತ್ ನೋಡ್ರಿ! ಪೆಟಗಿ ಒಡಿಲಾರದ ಕೊಲ್ಹಾಪುರದಾಗ ಮಾರಿದ್ನಿ. ನಾಕ್ ಸಾವಿರ ಸುಮ್ನ ಸಿಕ್ವು. ನಿಮ್ಮ ಕೈಗುಣ!" ಅವನ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಕಾಕಾ ಪೇಢೆ ತೆಗೆದುಕೊಂಡು ಅರ್ಧ ಮುರಿದು ನನಗೆ ಕೊಟ್ಟ. "ತಿನ್ನು. ಯಾರಿಗಾರ ಲಾಭ ಆತಲ್ಲ" ಎಂದ. ಅಷ್ಟು ಒಣಗಿದ ಪೇಢೆಯನ್ನು ನಾನು ಹಿಂದೆಂದೂ ತಿಂದಿರಲಿಲ್ಲ. ಪೇಢೆಯ ತಪ್ಪಲ್ಲ ಅದು.

ಯುಗಾದಿಗೆ ಮೊದಲು ಷಟರು ಇಳಿಯಿತು, ಈ ಸಲ ಪೂರ್ತಿ. ಈಗ ಅಲ್ಲಿ ಚೂಡಿದಾರಗಳು ತೂಗುತ್ತಿವೆ. ಕಾಕಾ ನಿಪ್ಪಾಣಿಯ ಒಂದು ದೊಡ್ಡ ಮೊಬೈಲ್ ಶೋರೂಮಿನಲ್ಲಿ ಮಾರಾಟಕ್ಕೆ ನಿಲ್ಲುತ್ತಾನೆ. ಐವತ್ತೆಂಟರ ವಯಸ್ಸಿಗೆ ಬೆನ್ನ ಮೇಲೆ ಕಂಪನಿಯ ಹೆಸರಿರುವ ನೀಲಿ ಟಿ ಷರ್ಟು. ನನ್ನ ಬಸ್ಸೇ ಅವನ ಬಸ್ಸು.

ಯಂತ್ರ ನನ್ನ ಕೋಣೆಯಲ್ಲಿ ಟವೆಲ್ಲಿನ ಕೆಳಗಿದೆ. ಎರಡು ಸಲ ಹಚ್ಚಿದ್ದೇನೆ. ಯಾರೂ ರೊಟ್ಟಿ ಮುಗಿಸಿ ಏಳುವವರಿಲ್ಲದಿದ್ದರೆ ಆಟ ಎಷ್ಟು ಹೊತ್ತಿಗೆ ಮುಗಿಸಬೇಕೆಂದೇ ತಿಳಿಯುವುದಿಲ್ಲ.

ಕಳೆದ ವಾರ ಪೆಟ್ಟಿಗೆ ಇಳಿಸಿದೆನೆಂದೆನಲ್ಲ, ಕೈ ಹಿಂದಕ್ಕೆ ಎಳೆದುಕೊಂಡದ್ದು ಬಹಳ ಹೊತ್ತು ನಿಲ್ಲಲಿಲ್ಲ. ಅವ್ವ ಒಳಗೆ ಹೋದಾಗ ಕೊಬ್ಬರಿ ಎಣ್ಣೆ ಹಚ್ಚಿ ನಿಧಾನವಾಗಿ, ಹರಿಯದಂತೆ ಬಿಡಿಸಿದೆ. ಮೇಲೆ ಕಾಕಾನ ಕೈಬರಹದ ಹಳೆಯ ದರ. ಕೆಳಗೆ ಅಚ್ಚಾದ ಹೊಸ ದರ, ಐದು ಸಾವಿರ ಹೆಚ್ಚು. ಕೆಳಗಿನದು ಮೇಲಿನದಕ್ಕಿಂತ ದೊಡ್ಡದಿದ್ದ ಚೀಟಿ ನಾನು ಕಂಡದ್ದು ಅದೊಂದೇ. ಹದಿನೇಳು ಪೆಟ್ಟಿಗೆಗಳ ಮೇಲೂ ಅವನು ಕುಳಿತು ಬರೆದು ಹಚ್ಚಿರಬೇಕು.

ಅಷ್ಟರಲ್ಲಿ ಕಾಕಾನೇ ಬಂದ. ಭಾನುವಾರ, ಅವ್ವ ಸಂಡಿಗೆ ಒಯ್ಯಲು ಹೇಳಿ ಕಳಿಸಿದ್ದಳು. ನನ್ನ ಬೆರಳಿನ ತುದಿಯ ಚೀಟಿ ನೋಡಿ ನಕ್ಕ. "ಸಣ್ಣಾಕಿದ್ದಾಗಿನ ಚಟಾ ಇನ್ನಾ ಹೋಗಿಲ್ಲ ನಿಂದು."

"ಇದನ್ಯಾಕ ಮುಚ್ಚಿದ್ದಿ ಕಾಕಾ?"

"ಒಯ್ಯವರಿಗೆ ಭಾರ ಆಗಬಾರ್ದಂತ. ಹಬ್ಬದಾಗ ಒಯ್ಯೂ ಸಾಮಾನದು."

ಅವನು ಕಟ್ಟೆಯ ಮೇಲೆ ಕುಳಿತ. ಅವ್ವ ಒಳಗೆ ಸಂಡಿಗೆ ಕಟ್ಟುತ್ತಿದ್ದಳು. ಇಷ್ಟು ದಿನ ಬಸ್ಸಿನಲ್ಲಿ ಮೊಣಕೈ ತಗಲುವಷ್ಟು ಹತ್ತಿರ ಕುಳಿತು ಹೇಳಲಾಗದ್ದನ್ನು ನಾನು ಚೀಟಿ ನೋಡುತ್ತ ಹೇಳಿದೆ: "ಏರ್ತೈತಿ ಅಂತ ನನಗ ಆವಾಗನ ಅನಿಸಿತ್ತು ಕಾಕಾ."

"ಗೊತ್ತೈತಿ."

ನಾನು ತಲೆಯೆತ್ತಿದೆ.

"ನೀ ನೋಟ್ ಮುಂದ ಹಿಡದ್ಯಲ್ಲ, ಅವಾಗನ ತಿಳೀತು. ಅವತ್ತಿನಿಂದ ಒಂದೂ ಇಸಾರಾ ಹಿಡೀಲಿಲ್ಲ ನಾ. ನಿಂದ ಕಡೇದು." ಅವನ ದನಿಯಲ್ಲಿ ದೂರಿರಲಿಲ್ಲ, ಬಸ್ಸಿನ ಹೊತ್ತು ಹೇಳುವಂತೆ ಹೇಳಿದ. ಅವ್ವ ಪೊಟ್ಟಣ ತಂದುಕೊಟ್ಟಳು. ಅವನು ಎದ್ದು ಚಪ್ಪಲಿ ಮೆಟ್ಟಿ, ಅಂಗಳ ದಾಟುವ ಮೊದಲು ತಿರುಗಿ ನಿಂತ.

"ಅಂದಾಜ ಹೇಳಿ ತಪ್ಪಿದ್ರ ನಾ ಏನ್ ಬೈತಿದ್ನೇನ ತಾಯಿ?"

ಈ ಪ್ರಶ್ನೆಯ ಉತ್ತರ ನನಗೆ ಖಚಿತವಾಗಿ ಗೊತ್ತಿತ್ತು. ಅವನು ಅದಕ್ಕೆ ಕಾಯಲಿಲ್ಲ.

ಈಗಲೂ ಬೆಳಗಿನ ಬಸ್ಸಿನಲ್ಲಿ ನಾವು ಒಂದೇ ಸೀಟಿನಲ್ಲಿ ಕೂರುತ್ತೇವೆ. ನಿಪ್ಪಾಣಿ ಬರುವವರೆಗೆ ಕಾಕಾ ಕಿಟಕಿಯ ಹೊರಗೆ ನೋಡುತ್ತಾನೆ. ಹತ್ತುವ ಮೊದಲು ನಾನು ದಿನಾ ಡಾಲರಿನ ದರ ನೋಡಿಟ್ಟುಕೊಂಡಿರುತ್ತೇನೆ, ಎಲ್ಲಾದರೂ ಕೇಳಿದರೆ ಇರಲಿ ಎಂದು.